ಮಂಡಿನೋವಿಗೆ ಎಂಎಸ್‌ಎಂ: ಡಬ್ಬಿಯ ಹಿಂಬದಿ ಓದಿದ ಮೇಲೆ ಬರೆದದ್ದು

ನಮ್ಮ ತಾಯಿಗೆ ಈಗ 67 ವರ್ಷ. ಎರಡೂ ಮಂಡಿಗಳಲ್ಲಿ ಸವೆತ ಶುರುವಾಗಿದೆ ಎಂದು ಮೂಳೆ ವೈದ್ಯರು ಎಕ್ಸ್‌ರೇ ನೋಡಿ ಹೇಳಿ ಮೂರು ವರ್ಷವಾಯಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪೂಜೆ ಮಾಡುತ್ತಿದ್ದವರು ಈಗ ದೇವರ ಮನೆಯೊಳಗೆ ಒಂದು ಸ್ಟೂಲು ಇಟ್ಟುಕೊಂಡಿದ್ದಾರೆ. ಬಟ್ಟೆ ಒಣಹಾಕಲು ತಾರಸಿಗೆ ಹೋಗುವ ಹದಿನಾರು ಮೆಟ್ಟಿಲುಗಳನ್ನು ಒಂದೊಂದಾಗಿ, ಎರಡೂ ಕಾಲು ಕೂಡಿಸಿ ಹತ್ತುತ್ತಾರೆ. ಅವರ ಕಷ್ಟ ನೋಡಿದ ನಂಟರೊಬ್ಬರು "ಗಂಧಕದ ಮಾತ್ರೆ ಬಂದಿದೆ, ಕೀಲಿಗೆ ಬಹಳ ಒಳ್ಳೆಯದು, ಔಷಧವಲ್ಲ, ಅಡ್ಡಪರಿಣಾಮವಿಲ್ಲ" ಎಂದು ಹೇಳಿದಾಗ ಮನೆಯಲ್ಲಿ ಎಲ್ಲರಿಗೂ ಆಸೆ ಹುಟ್ಟಿತು. ಆ ಮಾತ್ರೆಯ ಹೆಸರೇ ಎಂಎಸ್‌ಎಂ, ಅಂದರೆ ಮೀಥೈಲ್‌ಸಲ್ಫೊನೈಲ್‌ಮೀಥೇನ್. ಒಂದು ವರ್ಷದಲ್ಲಿ ಅದನ್ನು ಎರಡು ರೂಪಗಳಲ್ಲಿ ಕೊಂಡು, ಅಮ್ಮನ ಮೇಲೆ ಅದರ ಪರಿಣಾಮವನ್ನು ದಿನದಿನವೂ ಬರೆದಿಟ್ಟು, ಅದರ ಬಗ್ಗೆ ನಡೆದಿರುವ ಪ್ರಯೋಗಗಳ ವರದಿಗಳನ್ನು ಕೈಗೆ ಸಿಕ್ಕಷ್ಟು ಓದಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಯಾವುದೇ ಒಂದು ಕಂಪನಿಯ ಡಬ್ಬಿಯ ಬಗ್ಗೆ ಇದು ಬರೆದದ್ದಲ್ಲ. ಆ ಡಬ್ಬಿಗಳೊಳಗೆ ಇರುವ ವಸ್ತುವಿನ ಬಗ್ಗೆ, ಅದನ್ನು ನಮಗೆ ಮಾರುವ ರೀತಿಯ ಬಗ್ಗೆ ಬರೆದದ್ದು.

ಮೊದಲು ವಸ್ತು ಏನೆಂದು ನೋಡೋಣ. ಎಂಎಸ್‌ಎಂ ಸಕ್ಕರೆಯ ಹರಳಿನಂತೆ ಕಾಣುವ ಬಿಳಿಯ ಪುಡಿ, ನೀರಿನಲ್ಲಿ ಕರಗುತ್ತದೆ, ನಾಲಿಗೆಗೆ ಕಹಿ. ಗಂಧಕವೆಂದ ಕೂಡಲೇ ನಮಗೆ ನೆನಪಾಗುವ ಹಳದಿ ಬಣ್ಣವೂ ಇದಕ್ಕಿಲ್ಲ, ಪಟಾಕಿಯ ವಾಸನೆಯೂ ಇಲ್ಲ. ತೂಕದಲ್ಲಿ ಶೇಕಡ 34ರಷ್ಟು ಗಂಧಕ ಇದರಲ್ಲಿದೆ. ಹಾಲು, ಕಾಫಿ, ಟೊಮೆಟೊಗಳಲ್ಲಿಯೂ ಇದು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಡಬ್ಬಿಗಳ ಮೇಲೆ "ನೈಸರ್ಗಿಕ" ಎಂದು ಬರೆಯುವುದಕ್ಕೆ ಇಷ್ಟೇ ಆಧಾರ. ನಮಗೆ ಸಿಗುವ ಪುಡಿಯನ್ನು ಕಾರ್ಖಾನೆಯಲ್ಲಿ, ಡಿಎಂಎಸ್‌ಒ ಎಂಬ ದ್ರಾವಕದಿಂದ ತಯಾರಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದನ್ನು ತೋಟದಿಂದ ಕಿತ್ತು ತಂದಂತೆ ಚಿತ್ರ ಹಾಕುವುದು ಸರಿಯಲ್ಲ.

ಈ ಡಿಎಂಎಸ್‌ಒ ಕಥೆ ಸ್ವಲ್ಪ ತಿಳಿದಿರಬೇಕು. ಅದು ಮರದ ತಿರುಳಿನಿಂದ ಕಾಗದ ಮಾಡುವ ಉದ್ಯಮದ ಉಪೋತ್ಪನ್ನ. 1960ರ ದಶಕದಲ್ಲಿ ಅಮೆರಿಕದ ಒರೆಗಾನ್ ವೈದ್ಯಕೀಯ ಶಾಲೆಯ ಶಸ್ತ್ರವೈದ್ಯ ಸ್ಟ್ಯಾನ್ಲಿ ಜೇಕಬ್ ಮತ್ತು ಕಾಗದದ ಕಂಪನಿಯೊಂದರ ರಸಾಯನತಜ್ಞ ರಾಬರ್ಟ್ ಹರ್ಷ್ಲರ್ ಅದನ್ನು ನೋವಿನ ಮದ್ದಾಗಿ ಮುಂದೆ ತಂದರು. ಪ್ರಾಣಿಗಳ ಕಣ್ಣಿನ ಮಸೂರದಲ್ಲಿ ಬದಲಾವಣೆ ಕಂಡದ್ದರಿಂದ 1965ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮನುಷ್ಯರ ಮೇಲಿನ ಪ್ರಯೋಗಗಳನ್ನು ತಡೆಯಿತು. 1978ರಲ್ಲಿ ಮೂತ್ರಕೋಶದ ಒಂದು ಬಗೆಯ ಉರಿಯೂತಕ್ಕೆ ಮಾತ್ರ ಒಪ್ಪಿಗೆ ಕೊಟ್ಟಿತು. ಡಿಎಂಎಸ್‌ಒ ಬಳಸಿದವರ ಬಾಯಿಂದ ಬೆಳ್ಳುಳ್ಳಿಯಂಥ ವಾಸನೆ ಬರುತ್ತಿತ್ತು. ಡಿಎಂಎಸ್‌ಒ ದೇಹದೊಳಗೆ ಆಕ್ಸಿಜನ್ ಕೂಡಿಕೊಂಡು ಆಗುವ ವಸ್ತುವೇ ಎಂಎಸ್‌ಎಂ, ಇದಕ್ಕೆ ಆ ವಾಸನೆ ಇಲ್ಲ. ವಾಸನೆಯಿಲ್ಲದ ಈ ತಮ್ಮನೇ ಮುಂದೆ ಆಹಾರ ಪೂರಕದ ಹೆಸರಿನಲ್ಲಿ ಅಂಗಡಿಗಳಿಗೆ ಬಂದ.

ಈಗ ಡಬ್ಬಿಯ ಮುಂಬದಿಯ ಮುಖ್ಯ ವಾದಕ್ಕೆ ಬರುತ್ತೇನೆ. ಕೀಲುಗಳಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಯಲ್ಲಿ ಗಂಧಕವಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ಅಂಶವಿದೆ. ವಯಸ್ಸಾದಂತೆ ದೇಹಕ್ಕೆ ಗಂಧಕ ಸಾಲದೆ ಕೀಲು ಸವೆಯುತ್ತದೆ. ಎಂಎಸ್‌ಎಂ ಆ ಕೊರತೆಯನ್ನು ತುಂಬುತ್ತದೆ. ಇದು ಕೇಳಲು ಬಹಳ ಸರಳವಾದ, ಆದ್ದರಿಂದಲೇ ಬೇಗ ನಂಬಿಕೆ ಬರುವ ವಾದ. ಇದರ ಮೊದಲ ಮಾತು ನಿಜ. ಉಳಿದೆರಡಕ್ಕೆ ನನಗೆ ಆಧಾರ ಸಿಗಲಿಲ್ಲ. ನಮ್ಮ ದೇಹಕ್ಕೆ ಗಂಧಕ ಬರುವುದು ಮುಖ್ಯವಾಗಿ ಮೆಥಿಯೊನಿನ್ ಮತ್ತು ಸಿಸ್ಟೀನ್ ಎಂಬ ಎರಡು ಅಮೈನೊ ಆಮ್ಲಗಳಿಂದ, ಅಂದರೆ ಊಟದ ಪ್ರೋಟೀನಿನಿಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ 15 ಮಿಲಿಗ್ರಾಂ ಇವೆರಡೂ ಸೇರಿ ಬೇಕು. 60 ಕಿಲೊ ತೂಗುವವರಿಗೆ ಅದು 900 ಮಿಲಿಗ್ರಾಂ ಆಗುತ್ತದೆ. ಒಂದು ಕೋಳಿಮೊಟ್ಟೆಯಲ್ಲಿಯೇ ಸುಮಾರು 300 ಮಿಲಿಗ್ರಾಂ ಇರುತ್ತದೆ. ಬೇಳೆಕಾಳುಗಳಲ್ಲಿ ಮೆಥಿಯೊನಿನ್ ಕಡಿಮೆ, ರಾಗಿ ಮತ್ತು ಎಳ್ಳಿನಲ್ಲಿ ಅದು ಚೆನ್ನಾಗಿದೆ; ಮುದ್ದೆಯ ಜೊತೆ ಕಾಳಿನ ಸಾರು ಉಣ್ಣುವ ಮನೆಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಪ್ರೋಟೀನನ್ನೇ ಸರಿಯಾಗಿ ತಿನ್ನದ ವಯಸ್ಸಾದವರಿಗೆ ಗಂಧಕ ಕಡಿಮೆ ಬೀಳಬಹುದು. ಅಂಥವರಿಗೆ ಬೇಕಾದದ್ದು ಪ್ರೋಟೀನು, ಗಂಧಕದ ಪುಡಿಯಲ್ಲ.

ಅಷ್ಟೇ ಅಲ್ಲ, ಎಂಎಸ್‌ಎಂ ರೂಪದಲ್ಲಿ ಹೋದ ಗಂಧಕ ದೇಹದಲ್ಲಿ ನಿಲ್ಲುವುದೂ ಕಡಿಮೆ. ಗುರುತು ಹಚ್ಚಿದ ಗಂಧಕವುಳ್ಳ ಎಂಎಸ್‌ಎಂ ಅನ್ನು ಇಲಿಗಳಿಗೆ ಕೊಟ್ಟು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೊಟ್ಟದ್ದರಲ್ಲಿ ಸುಮಾರು ಶೇಕಡ 86ರಷ್ಟು ಮೂತ್ರದಲ್ಲಿ ಹೊರಗೆ ಹೋಯಿತು. 1986ರಲ್ಲಿ ಗಿನಿಹಂದಿಗಳ ಮೇಲೆ ನಡೆದ ಹಳೆಯ ಪ್ರಯೋಗದಲ್ಲಿ ರಕ್ತದ ಪ್ರೋಟೀನುಗಳಿಗೆ ಸೇರಿದ್ದು ಶೇಕಡ 1ರಷ್ಟು ಮಾತ್ರ. ಹಾಗಾಗಿ ಎಂಎಸ್‌ಎಂ ಏನಾದರೂ ಕೆಲಸ ಮಾಡುವುದಾದರೆ ಅದು ಗಂಧಕದ ಗೊಬ್ಬರವಾಗಿ ಮಾಡುವಂತೆ ಕಾಣುವುದಿಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಅದು ಉರಿಯೂತದ ಸಂಕೇತಗಳನ್ನು ತಗ್ಗಿಸಿರುವುದನ್ನು ಸಂಶೋಧಕರು ತೋರಿಸಿದ್ದಾರೆ. ನೋವು ಕಡಿಮೆಯಾಗುವುದಕ್ಕೆ ಅದೇ ಹೆಚ್ಚು ಒಪ್ಪಬಹುದಾದ ದಾರಿ. ಆದರೆ ಗಾಜಿನ ತಟ್ಟೆಯ ಜೀವಕೋಶ ಬೇರೆ, ಮೆಟ್ಟಿಲು ಹತ್ತುವ ಮಂಡಿ ಬೇರೆ.

ಆದ್ದರಿಂದ ಮಂಡಿಗಳ ಮೇಲೆಯೇ ನಡೆದ ಪ್ರಯೋಗಗಳನ್ನು ನೋಡಬೇಕು. ಅವು ಇಲ್ಲವೇ ಇಲ್ಲ ಎನ್ನುವವರೂ ತಪ್ಪು, ಬೇಕಾದಷ್ಟಿವೆ ಎನ್ನುವವರೂ ತಪ್ಪು. ನಮಗೆ ಹತ್ತಿರದ್ದು ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ನಡೆದು 2004ರಲ್ಲಿ ಪ್ರಕಟವಾದದ್ದು. ಮಂಡಿ ಸವೆತವಿರುವ 118 ಜನರನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ಕೀಲುನೋವಿಗೆ ಮಾರುವ ಇನ್ನೊಂದು ಪೂರಕವಾದ ಗ್ಲುಕೋಸಮೈನ್, ಒಂದಕ್ಕೆ ಎಂಎಸ್‌ಎಂ, ಇನ್ನೊಂದಕ್ಕೆ ಎರಡೂ ಸೇರಿಸಿ, ನಾಲ್ಕನೆಯದಕ್ಕೆ ಮದ್ದೇ ಇಲ್ಲದ ಹುಸಿಮಾತ್ರೆಯನ್ನು, ಯಾರಿಗೆ ಯಾವುದು ಎಂದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಗೊತ್ತಾಗದಂತೆ 12 ವಾರ ಕೊಟ್ಟರು. ಎಂಎಸ್‌ಎಂ ಪ್ರಮಾಣ 500 ಮಿಲಿಗ್ರಾಮಿನಂತೆ ದಿನಕ್ಕೆ ಮೂರು ಸಲ. ಎಂಎಸ್‌ಎಂ ಗುಂಪಿನಲ್ಲಿ ನೋವಿನ ಸೂಚ್ಯಂಕ 1.53ರಿಂದ 0.74ಕ್ಕೆ ಇಳಿಯಿತು, ಎರಡೂ ಸೇರಿದ ಗುಂಪಿನಲ್ಲಿ 1.7ರಿಂದ 0.36ಕ್ಕೆ. ಇದು ಚೆನ್ನಾದ ಫಲಿತಾಂಶ, ಅದನ್ನು ಹಗುರವಾಗಿ ತೆಗೆದುಹಾಕಲು ನನಗೆ ಮನಸ್ಸಿಲ್ಲ. ಆದರೆ ಒಂದೊಂದು ಗುಂಪಿಗೆ ಬಂದವರು ಸುಮಾರು ಮೂವತ್ತೇ ಜನ ಎಂಬುದನ್ನು ಮರೆಯಬಾರದು.

ಎರಡನೆಯದು 2006ರಲ್ಲಿ ಅಮೆರಿಕದ ಅರಿಜೋನಾದಿಂದ ಬಂದದ್ದು. ಅಲ್ಲಿ 50 ಜನ, ದಿನಕ್ಕೆ 6 ಗ್ರಾಂ, ಅಂದರೆ ಹೈದರಾಬಾದಿನದಕ್ಕಿಂತ ನಾಲ್ಕು ಪಟ್ಟು, 12 ವಾರ. ನೋವು ಮತ್ತು ಓಡಾಟದಲ್ಲಿ ಹುಸಿಮಾತ್ರೆಗಿಂತ ಉತ್ತಮ. ಕೀಲಿನ ಬಿಗಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೂರನೆಯದು ಇಸ್ರೇಲಿನದು, 2011ರಲ್ಲಿ ಪ್ರಕಟವಾದದ್ದು: 49 ಜನ, ದಿನಕ್ಕೆ 3.375 ಗ್ರಾಂ, ಅಲ್ಲಿಯೂ 12 ವಾರ. ಸುಧಾರಣೆ ಇತ್ತು, ಆದರೆ ಅದು ಚಿಕ್ಕದು, ರೋಗಿಗೆ ಅದರಿಂದ ನಿಜಕ್ಕೂ ಪ್ರಯೋಜನವೆಷ್ಟು ಎಂಬುದು ಇನ್ನೂ ನಿರ್ಧಾರವಾಗಬೇಕಿದೆ ಎಂದು ಆ ಸಂಶೋಧಕರೇ ಬರೆದುಕೊಂಡಿದ್ದಾರೆ. ಆ ಒಂದು ವಾಕ್ಯಕ್ಕಾಗಿ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ವೊಮ್ಯಾಕ್ ಎಂಬ ಪ್ರಶ್ನಾವಳಿಯ ಬಗ್ಗೆ ಒಂದು ಮಾತು. ಕೆನಡಾದಲ್ಲಿ ರೂಪಿಸಿದ ಅದರಲ್ಲಿ 24 ಪ್ರಶ್ನೆಗಳಿವೆ: ನೋವಿನ ಬಗ್ಗೆ 5, ಬಿಗಿತದ ಬಗ್ಗೆ 2, ದಿನನಿತ್ಯದ ಓಡಾಟದ ಬಗ್ಗೆ 17. ಕಾರಿನಿಂದ ಇಳಿಯುವುದನ್ನು, ಕಾಲುಚೀಲ ಹಾಕಿಕೊಳ್ಳುವುದನ್ನು ಅದು ಕೇಳುತ್ತದೆ. ನೆಲದಲ್ಲಿ ಕಾಲು ಮಡಚಿ ಕೂರುವುದನ್ನು, ಕುಕ್ಕರಗಾಲಿನಲ್ಲಿ ಕೂತು ಏಳುವುದನ್ನು ಕೇಳುವುದಿಲ್ಲ. ಪುಣೆಯ ಸಂಧಿವಾತ ತಜ್ಞರು ಅದನ್ನು ನಮ್ಮ ಬದುಕಿಗೆ ಹೊಂದುವಂತೆ ತಿದ್ದಿಕೊಂಡಿದ್ದಾರೆ. ಅಮ್ಮನಿಗೆ ಬೇಕಾದದ್ದು ದೇವರ ಮುಂದೆ ನೆಲದಲ್ಲಿ ಕೂರುವ ಶಕ್ತಿ. ಅರಿಜೋನಾದ ಅಂಕಿಗಳು ಅದಕ್ಕೆ ಉತ್ತರ ಕೊಡುವುದಿಲ್ಲ.

ಹೀಗೆ ಬಿಡಿಬಿಡಿಯಾದ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದವರ ಮಾತೇನು? ಇಂಗ್ಲೆಂಡಿನ ತಂಡವೊಂದು ಡಿಎಂಎಸ್‌ಒ ಮತ್ತು ಎಂಎಸ್‌ಎಂ ಎರಡರ ಅಧ್ಯಯನಗಳನ್ನೂ 2008ರಲ್ಲಿ ಪರಿಶೀಲಿಸಿ, ಖಚಿತವಾದ ತೀರ್ಮಾನಕ್ಕೆ ಬರಲಾಗದು ಎಂದಿತು. 2018ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕೀಲು ಸವೆತಕ್ಕೆ ಕೊಡುವ 20 ಪೂರಕಗಳ ಮೇಲಿನ 69 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಎಂಎಸ್‌ಎಂ ನಡುವಿನ ಸಾಲಿನಲ್ಲಿ ನಿಂತಿತು: ಲೆಕ್ಕದ ಪ್ರಕಾರ ನೋವು ಕಡಿಮೆಯಾಗುವುದು ನಿಜ, ಆದರೆ ರೋಗಿಗೆ ಅದು ಅನುಭವಕ್ಕೆ ಬರುವಷ್ಟೇ ಎಂಬುದು ಸ್ಪಷ್ಟವಿಲ್ಲ. ಗ್ಲುಕೋಸಮೈನ್, ಕಾಂಡ್ರಾಯ್ಟಿನ್‌ಗಳೂ ಅದೇ ಸಾಲಿನಲ್ಲಿದ್ದವು. ಮಂಡಿ ಸವೆತದವರು "ನನಗೆ ಗುಣ ಕಂಡಿತು" ಎನ್ನಬೇಕಾದರೆ 100ರ ಮಾಪಕದಲ್ಲಿ ನೋವು ಸುಮಾರು 20 ಇಳಿದಿರಬೇಕು ಎಂದು ಫ್ರಾನ್ಸಿನ ಸಂಶೋಧಕರು 2005ರಲ್ಲಿ ಕಂಡುಕೊಂಡಿದ್ದರು. "ಶೇಕಡ ಇಷ್ಟು ನೋವು ಮಾಯ" ಎಂಬ ಜಾಹೀರಾತು ಕಂಡಾಗಲೆಲ್ಲ, ಈ ಇಳಿತ ಎಲ್ಲಿಂದ ಎಲ್ಲಿಗೆ, ಹುಸಿಮಾತ್ರೆ ತಿಂದವರಲ್ಲಿ ಎಷ್ಟು ಇಳಿಯಿತು ಎಂದು ಕೇಳಲೇಬೇಕು.

ಹುಸಿಮಾತ್ರೆಯನ್ನು ಕಡೆಗಣಿಸುವಂತಿಲ್ಲ. ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಮೇಲೆ ಅಮೆರಿಕದಲ್ಲಿ 1,583 ಜನರನ್ನು ಸೇರಿಸಿ ನಡೆಸಿ 2006ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ, ಹುಸಿಮಾತ್ರೆ ತಿಂದವರಲ್ಲಿಯೇ ಶೇಕಡ 60ರಷ್ಟು ಜನಕ್ಕೆ ಮಂಡಿನೋವು ಐದನೆಯ ಒಂದು ಭಾಗವಾದರೂ ಇಳಿದಿತ್ತು. ಮಂಡಿನೋವು ಏರುವುದೂ ಇಳಿಯುವುದೂ ಸಹಜ; ನಾವು ಮಾತ್ರೆ ಕೊಳ್ಳುವುದು ಅದು ಹೆಚ್ಚಾದಾಗ, ಆಮೇಲೆ ಅದು ತಾನಾಗಿ ಇಳಿದರೂ ಕೀರ್ತಿ ಮಾತ್ರೆಗೆ ಹೋಗುತ್ತದೆ. "ನಮ್ಮ ಅತ್ತೆಗೆ ಹದಿನೈದೇ ದಿನದಲ್ಲಿ ಗುಣವಾಯಿತು" ಎಂಬ ಮಾತನ್ನು ನಾನು ಸುಳ್ಳೆನ್ನುವುದಿಲ್ಲ, ಆದರೆ ಅದನ್ನು ಪುರಾವೆಯಾಗಿ ಎಣಿಸಲಾರೆ. ಇನ್ನೂ ಒಂದು ವಿಷಯ: ಎಂಎಸ್‌ಎಂ ಪ್ರಯೋಗಗಳು ಅಳೆದದ್ದು ಮುಖ್ಯವಾಗಿ ನೋವನ್ನೂ ಓಡಾಟವನ್ನೂ, ಅದೂ ಹೆಚ್ಚಾಗಿ ಮೂರು ತಿಂಗಳು. ಸವೆದ ಮೃದ್ವಸ್ಥಿ ಮತ್ತೆ ಬೆಳೆಯಿತೆಂದು ಅವು ತೋರಿಸಿಲ್ಲ. "ಕೀಲನ್ನು ಪುನರ್ನಿರ್ಮಿಸುತ್ತದೆ" ಎಂಬ ಬರಹ ಯಾವ ಡಬ್ಬಿಯ ಮೇಲಿದ್ದರೂ ಅದನ್ನು ನಂಬಬೇಕಾಗಿಲ್ಲ.

ಇಷ್ಟು ಓದಿದ ಮೇಲೆ ನಾನು ಮೊದಲು ಕೊಂಡಿದ್ದ ಸ್ಟ್ರಿಪ್ಪನ್ನು ಹಿಂದೆ ತಿರುಗಿಸಿ ನೋಡಿದೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಬೇಸರವಾದದ್ದು ಆಗಲೇ. ನಮ್ಮೂರಿನ ಔಷಧದ ಅಂಗಡಿಯೊಂದರಲ್ಲಿ "ಎಂಎಸ್‌ಎಂ ಇರುವ ಕೀಲಿನ ಮಾತ್ರೆ ಕೊಡಿ" ಎಂದು ಕೇಳಿದಾಗ, ವೈದ್ಯರ ಚೀಟಿಯನ್ನೂ ಕೇಳದೆ, ತಿನ್ನುವವರ ವಯಸ್ಸನ್ನೂ ಕೇಳದೆ ಕೊಟ್ಟದ್ದು ಮೂರು ಮದ್ದುಗಳ ಮಿಶ್ರಣ. ಬೆಳ್ಳಿ ಹಾಳೆಯ ಮೇಲೆ, ಕನ್ನಡಕ ಹಾಕಿಕೊಂಡು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಓದಬಹುದಾದ ಅಕ್ಷರಗಳಲ್ಲಿ ಹೀಗಿತ್ತು: ಗ್ಲುಕೋಸಮೈನ್ 750 ಮಿಲಿಗ್ರಾಂ, ಡಯಾಸಿರೀನ್ 50 ಮಿಲಿಗ್ರಾಂ, ಎಂಎಸ್‌ಎಂ 250 ಮಿಲಿಗ್ರಾಂ. ದಿನಕ್ಕೆ ಎರಡು ತಿಂದರೆ ಎಂಎಸ್‌ಎಂ ಅರ್ಧ ಗ್ರಾಂ. ಹೈದರಾಬಾದಿನ ಪ್ರಯೋಗದ ಮೂರನೆಯ ಒಂದು ಭಾಗ, ಇಸ್ರೇಲಿನದರ ಏಳನೆಯ ಒಂದು ಭಾಗ, ಅರಿಜೋನಾದ ಹನ್ನೆರಡನೆಯ ಒಂದು ಭಾಗ. ಪುರಾವೆ ಇರುವುದು ಒಂದು ಪ್ರಮಾಣಕ್ಕೆ, ಮಾರುವುದು ಇನ್ನೊಂದು ಪ್ರಮಾಣವನ್ನು. ನ್ಯಾಯವಾಗಿ ಹೇಳಬೇಕೆಂದರೆ, ಇಂಡೋನೇಷ್ಯಾದಲ್ಲಿ 147 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಜೊತೆ ಎಂಎಸ್‌ಎಂ ಬೆರೆಸಿದಾಗ ಹುಸಿಮಾತ್ರೆಗಿಂತ ಉತ್ತಮ ಫಲ ಕಂಡಿತ್ತು, ಅಲ್ಲಿನ ಎಂಎಸ್‌ಎಂ ಪ್ರಮಾಣವೂ ಅರ್ಧ ಗ್ರಾಮೇ. ಆದರೆ ಅದು ಸವೆತದ ಮೊದಲ ಹಂತಗಳಲ್ಲಿದ್ದವರ ಮೇಲೆ ನಡೆದದ್ದು. ಅದೊಂದನ್ನೇ ಹಿಡಿದು ಎಲ್ಲರಿಗೂ ಅರ್ಧ ಗ್ರಾಂ ಸಾಕೆನ್ನಲಾಗದು.

ಹಾಗಾದರೆ ಅದೇ ಮಾತ್ರೆಯನ್ನು ಹೆಚ್ಚು ತಿಂದರಾಯಿತು ಎಂದು ದಯವಿಟ್ಟು ಯಾರೂ ಯೋಚಿಸಬೇಡಿ. ಎಂಎಸ್‌ಎಂ ಜೊತೆ ಅಲ್ಲಿ ಡಯಾಸಿರೀನ್ ಇದೆ, ಅದು ಪೂರಕವಲ್ಲ, ಔಷಧ. ಅದರಿಂದ ಭೇದಿಯಾಗುವುದು ಸಾಮಾನ್ಯ, ಮೂತ್ರದ ಬಣ್ಣವೂ ಗಾಢವಾಗುತ್ತದೆ. ತೀವ್ರ ಭೇದಿ ಮತ್ತು ಯಕೃತ್ತಿನ ತೊಂದರೆಗಳ ಕಾರಣದಿಂದ ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಅದರ ಬಳಕೆಗೆ ಮಿತಿ ಹಾಕಿ, 65 ದಾಟಿದವರಿಗೆ ಅದನ್ನು ಶಿಫಾರಸು ಮಾಡುವುದಿಲ್ಲ ಎಂದಿತು. ಅಮ್ಮನಿಗೆ ಆಗ 66. ಎರಡನೆಯ ವಾರದಲ್ಲಿ ಅವರಿಗೆ ದಿನಕ್ಕೆ ನಾಲ್ಕೈದು ಸಲ ಭೇದಿಯಾಗುತ್ತಿತ್ತು. ಹೋಟೆಲಿನ ಊಟ ಕಾರಣವೆಂದುಕೊಂಡು ಇನ್ನೂ ಮೂರು ದಿನ ಮಾತ್ರೆ ಕೊಟ್ಟ ತಪ್ಪು ನನ್ನದು. ಗಂಧಕದ ಮಾತ್ರೆಯೆಂದು ಕೊಂಡ ಮಾತ್ರೆಯಲ್ಲಿ ಗಂಧಕದ ವಸ್ತುವೇ ಎಲ್ಲಕ್ಕಿಂತ ದುರ್ಬಲ ಭಾಗವಾಗಿರಬಹುದು ಎಂಬ ಯೋಚನೆ ನನಗೆ ಬಂದಿರಲೇ ಇಲ್ಲ.

ಸಸ್ಯಾಹಾರಿಗಳ ಗಮನಕ್ಕೆ ಇನ್ನೊಂದು ವಿಷಯ. ಎಂಎಸ್‌ಎಂ ಪ್ರಾಣಿಮೂಲದ್ದಲ್ಲ, ಆದರೆ ಅದರ ಜೊತೆ ಬರುವ ಗ್ಲುಕೋಸಮೈನ್ ಸಾಮಾನ್ಯವಾಗಿ ಏಡಿ, ಸಿಗಡಿಗಳ ಚಿಪ್ಪಿನಿಂದ ತೆಗೆದದ್ದು, ಕಾಂಡ್ರಾಯ್ಟಿನ್ ದನ, ಹಂದಿ ಅಥವಾ ಮೀನಿನ ಮೃದ್ವಸ್ಥಿಯಿಂದ ತೆಗೆದದ್ದು. ಮಾಂಸ ಮುಟ್ಟದ ಎಷ್ಟೋ ಮನೆಗಳಲ್ಲಿ ಹಿರಿಯರು ಇದನ್ನು ತಿಳಿಯದೆ ವರ್ಷಗಟ್ಟಲೆ ನುಂಗುತ್ತಾರೆ. ತಿಳಿಸಿ, ಅವರ ಒಪ್ಪಿಗೆ ಪಡೆದು ಕೊಡುವುದು ಮಕ್ಕಳ ಕರ್ತವ್ಯ. ಸಿಗಡಿ, ಏಡಿ ಆಗದವರಿಗಂತೂ ಇದು ಅಲರ್ಜಿಯ ಪ್ರಶ್ನೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಗ್ಲುಕೋಸಮೈನ್ ಇರುವ ಯಾವುದನ್ನೂ ವೈದ್ಯರಿಗೆ ಹೇಳದೆ ಶುರು ಮಾಡಬಾರದು. ಸಲ್ಫಾ ಮಾತ್ರೆಯ ಅಲರ್ಜಿ ಇರುವವರು ಗಂಧಕವೆಂದು ಹೆದರುವುದುಂಟು. ಸಲ್ಫಾ ಔಷಧಗಳ ರಚನೆ ಬೇರೆ, ಎಂಎಸ್‌ಎಂನದು ಬೇರೆ, ಆ ಅಲರ್ಜಿಗೂ ಇದಕ್ಕೂ ಸಂಬಂಧವಿಲ್ಲ.

ಮೂರು ತಿಂಗಳು ಬಿಟ್ಟು, ನಮ್ಮ ವೈದ್ಯರನ್ನು ಕೇಳಿಕೊಂಡು, ಎಂಎಸ್‌ಎಂ ಒಂದೇ ಇರುವ ಪುಡಿಯ ಡಬ್ಬಿ ತರಿಸಿದೆ. ಬೆಳಿಗ್ಗೆ ತಿಂಡಿಯ ನಂತರ ಒಂದೂವರೆ ಗ್ರಾಂ, ರಾತ್ರಿ ಊಟದ ನಂತರ ಒಂದೂವರೆ ಗ್ರಾಂ, ಉಗುರುಬೆಚ್ಚಗಿನ ನೀರಿನಲ್ಲಿ. ಕಹಿಗೆ ಮೊದಲ ದಿನ ಅಮ್ಮ ಮುಖ ಕಿವುಚಿದರು, ಆಮೇಲೆ ನಿಂಬೆಹಣ್ಣಿನ ಪಾನಕದಲ್ಲಿ ಬೆರೆಸಿಕೊಂಡರು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಮೆಟ್ಟಿಲು ಹತ್ತುವಾಗಿನ ನೋವಿಗೆ ಹತ್ತರಲ್ಲಿ ಎಷ್ಟು ಅಂಕವೆಂದು ಬರೆಯಲು ಹೇಳಿದ್ದೆ. ಪುಡಿ ಶುರು ಮಾಡುವ ಮುಂಚಿನ ಎರಡು ವಾರವೂ ಬರೆಸಿದ್ದೆ, ಏಕೆಂದರೆ ಹೋಲಿಸಲು ಹಳೆಯ ಅಂಕಿಯಿಲ್ಲದಿದ್ದರೆ ನೆನಪು ನಮಗೆ ಬೇಕಾದಂತೆ ಹೇಳುತ್ತದೆ. ಆ ಎರಡು ವಾರಗಳ ಸರಾಸರಿ ಆರರ ಆಸುಪಾಸು. ಹನ್ನೆರಡನೆಯ ವಾರದ ಹೊತ್ತಿಗೆ ಐದಕ್ಕಿಂತ ಸ್ವಲ್ಪ ಕಡಿಮೆ. ಹೊಟ್ಟೆಯ ತೊಂದರೆಯೇನೂ ಆಗಲಿಲ್ಲ. ಅನಂತರ ನಾಲ್ಕು ವಾರ ಪುಡಿ ನಿಲ್ಲಿಸಿದೆವು: ಅಂಕ ಐದರಲ್ಲಿಯೇ ನಿಂತಿತು, ಮತ್ತೆ ಆರಕ್ಕೆ ಏರಲಿಲ್ಲ.

ಇದರಿಂದ ಏನು ತಿಳಿಯಬೇಕು? ಅದೇ ಅವಧಿಯಲ್ಲಿ ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನೂ ಅಮ್ಮ ಬಿಡದೆ ಮಾಡುತ್ತಿದ್ದರು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆಯ ಸ್ನಾಯು ಬಿಗಿದು, ಹತ್ತು ಎಣಿಸಿ ಬಿಡುವುದು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಮಂಡಿಯ ಹೊರೆ ಹಗುರವಾಗುತ್ತದೆ. ಮಂಡಿ ಸವೆತಕ್ಕೆ ವ್ಯಾಯಾಮದ ಪ್ರಯೋಜನ ತೋರಿಸುವ ಪ್ರಯೋಗಗಳು ಎಂಎಸ್‌ಎಂನವಕ್ಕಿಂತ ಎಷ್ಟೋ ಪಾಲು ಹೆಚ್ಚು. ಪುಡಿ ನಿಲ್ಲಿಸಿದರೂ ಅಂಕ ಏರದಿದ್ದುದಕ್ಕೆ ವ್ಯಾಯಾಮವೇ ಕಾರಣವಿರಬೇಕೆಂದು ನನಗೆ ತೋರುತ್ತದೆ, ಆದರೆ ಒಬ್ಬರ ಕ್ಯಾಲೆಂಡರಿನಿಂದ ಅದನ್ನು ಸಾಧಿಸಿ ತೋರಿಸಲಾರೆ.

ಸುರಕ್ಷತೆಯ ವಿಷಯದಲ್ಲಿ ಎಂಎಸ್‌ಎಂ ಒಂದೇ ಇದ್ದರೆ ನನಗೆ ಹೆಚ್ಚು ಆತಂಕವಿಲ್ಲ. ಪ್ರಯೋಗಗಳಲ್ಲಿ ಹೊಟ್ಟೆಯುಬ್ಬರ, ತಲೆನೋವಿನಂಥ ಸಣ್ಣ ತೊಂದರೆಗಳು ಕಂಡಿವೆ, ದೊಡ್ಡ ಅಪಾಯ ಕಂಡಿಲ್ಲ. ಅಮೆರಿಕದ ತಯಾರಕರೊಬ್ಬರ ಎಂಎಸ್‌ಎಂ ಅನ್ನು ಆಹಾರದಲ್ಲಿ ಬಳಸಲು ಅಲ್ಲಿನ ಎಫ್‌ಡಿಎ ಆಕ್ಷೇಪವೆತ್ತಿಲ್ಲ. ಆದರೆ ಅದು ತಿನ್ನಲು ಸುರಕ್ಷಿತ ಎಂಬ ವಾದಕ್ಕೆ ಸಿಕ್ಕ ಉತ್ತರವೇ ಹೊರತು ಮಂಡಿನೋವು ಗುಣವಾಗುತ್ತದೆ ಎಂಬುದಕ್ಕೆ ಸಿಕ್ಕ ಮುದ್ರೆಯಲ್ಲ. ನಮ್ಮಲ್ಲಿಯೂ ಇಂಥ ಪೂರಕಗಳು ಆಹಾರ ಸುರಕ್ಷತೆಯ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನಿಯಮಗಳಿಗೆ ಒಳಪಡುತ್ತವೆ. ಔಷಧವಾಗಿ ಬಳಸುವುದಕ್ಕಲ್ಲ ಎಂಬ ಎಚ್ಚರಿಕೆಯನ್ನು ಡಬ್ಬಿಯ ಮೇಲೆ ಮುದ್ರಿಸಬೇಕು. ನಾನು ಕೊಂಡ ಡಬ್ಬಿಯಲ್ಲಿ ಆ ವಾಕ್ಯ ಹಿಂಬದಿಯಲ್ಲಿ ಪರವಾನಗಿಯ ಹದಿನಾಲ್ಕು ಅಂಕಿಗಳ ಪಕ್ಕದಲ್ಲಿತ್ತು, ಮುಂಬದಿಯಲ್ಲಿ ನೋವಿಲ್ಲದೆ ಓಡುತ್ತಿರುವ ವೃದ್ಧ ದಂಪತಿಯ ಚಿತ್ರವಿತ್ತು.

ಹಾಗಾದರೆ ಕೊಳ್ಳಬೇಕೇ, ಬೇಡವೇ? ಮಂಡಿ ಸವೆತ ಆರಂಭದ ಹಂತದಲ್ಲಿದ್ದು, ವ್ಯಾಯಾಮವನ್ನೂ ತೂಕ ಇಳಿಸುವುದನ್ನೂ ಈಗಾಗಲೇ ಮಾಡುತ್ತಿದ್ದು, ಕೈಯಲ್ಲಿ ಹಣವಿದ್ದರೆ, ವೈದ್ಯರಿಗೆ ತಿಳಿಸಿ, ಬೇರೇನೂ ಬೆರೆಸದ ಎಂಎಸ್‌ಎಂ ಅನ್ನು ದಿನಕ್ಕೆ ಸುಮಾರು 3 ಗ್ರಾಮಿನಂತೆ 12 ವಾರ ನೋಡುವುದರಲ್ಲಿ ತಪ್ಪಿಲ್ಲ. ಅಂಕ ಬರೆದಿಡಿ, 12 ವಾರಕ್ಕೆ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಸ್ವಲ್ಪ ವ್ಯತ್ಯಾಸ ಕಂಡರೂ ಒಮ್ಮೆ ನಿಲ್ಲಿಸಿ ನೋಡಿ. ಮಂಡಿ ಊದಿಕೊಂಡು ಬಿಸಿಯಾಗಿದ್ದರೆ, ಜ್ವರವಿದ್ದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಅದು ಸವೆತವಲ್ಲದೆ ಬೇರೆ ರೋಗವಿರಬಹುದು. ಆಗ ಪುಡಿ ತಿನ್ನುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಮೂರು ಮದ್ದು ಬೆರೆಸಿದ ಸ್ಟ್ರಿಪ್ಪನ್ನು ಮಾತ್ರ ಅಂಗಡಿಯವರ ಮಾತಿನ ಮೇಲೆ ಕೊಳ್ಳಬೇಡಿ, ಅದರಲ್ಲೂ 65 ದಾಟಿದ ತಂದೆತಾಯಿಗಳಿಗೆ.

ನಮ್ಮ ಮನೆಯಲ್ಲಿ ಆ ಡಬ್ಬಿಯಲ್ಲಿ ಇನ್ನೂ ಕಾಲು ಭಾಗ ಪುಡಿ ಉಳಿದಿದೆ. ಮುಗಿದ ಮೇಲೆ ಇನ್ನೊಂದು ತರಬೇಕೇ ಎಂದು ಕೇಳಿದಾಗ ಅಮ್ಮ ಬೇಡವೆಂದರು. ಟವೆಲ್ಲನ್ನು ಮಾತ್ರ ಯಾರೂ ಒಗೆಯಲು ಒಯ್ಯದಂತೆ ಮಂಚದ ತಲೆದೆಸೆಯಲ್ಲಿ ಸುತ್ತಿಟ್ಟುಕೊಂಡಿದ್ದಾರೆ.